ಐದು ಗಂಟೆಗೆ ಈಜುವ ಕೈ

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ತಕ್ಕಡಿರಾಯರಿಗೆ ಅದಿರಲಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಇನ್ಸ್‌ಪೆಕ್ಟರಾಗಿ ಸವೆದ ಜೀವ ಅದು. ಅಂಗಡಿ ಅಂಗಡಿಗೆ ಹೋಗುವುದು, ಇಲಾಖೆಯ ತೂಕದ ಬಟ್ಟನ್ನು ಒಂದು ತಟ್ಟೆಗೆ, ಅಂಗಡಿಯವನ ಬಟ್ಟನ್ನು ಇನ್ನೊಂದು ತಟ್ಟೆಗೆ ಹಾಕುವುದು, ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನಿಲ್ಲುವುದು, ಆಮೇಲೆ ಮುದ್ರೆ ಒತ್ತುವುದು ಇಲ್ಲವೇ ಕೇಸು ಬರೆಯುವುದು. ತಕ್ಕಡಿರಾಯರು ಎಂಬ ಹೆಸರಿಟ್ಟವರೂ ಆ ಅಂಗಡಿಯವರೇ. "ಅಳತೆ ಸುಳ್ಳು ಹೇಳಲ್ಲ, ಮನುಷ್ಯ ಹೇಳ್ತಾನೆ" ಎಂದು ದಿನಕ್ಕೆ ಹತ್ತು ಸಲ ಹೇಳಿ ಹೇಳಿ, ಸುಳ್ಳಾಡುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು.

ಹೊಸದಾಗಿ ಬಂದ ದೊಡ್ಡ ಸಾಹೇಬರು ಕಡ್ಡಿಯಂತಿದ್ದರು. ಮೊದಲ ದಿನವೇ ಮೇಜಿಂದ ಮೇಜಿಗೆ ಬಂದು, ನೀವು ಏನು ವ್ಯಾಯಾಮ ಮಾಡುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿದರು. ಟೈಪಿಸ್ಟು ಸ್ಕಿಪ್ಪಿಂಗ್ ಎಂದಳು. ಗುಮಾಸ್ತರು ವಾಕಿಂಗ್ ಎಂದರು. ತಕ್ಕಡಿರಾಯರ ಸರದಿ ಬರುವ ಹೊತ್ತಿಗೆ ಸುಲಭದ್ದೆಲ್ಲ ಖರ್ಚಾಗಿತ್ತು.

"ಓಟ ಸಾರ್" ಎಂದರು. ಸಾಹೇಬರು ಇನ್ನೂ ನಿಂತೇ ಇದ್ದರು. "ಈಜು ಕೂಡ."

ಸಾಹೇಬರ ಮುಖ ಅರಳಿತು. ಇನ್ನೆರಡು ತಿಂಗಳಿಗೆ ಎಲ್ಲ ಇಲಾಖೆಗಳ ನಡುವೆ ಒಂದು ಪಂದ್ಯ ಇತ್ತಂತೆ, ಮೊದಲು ಈಜು, ಮೇಲೆ ಬಂದು ಓಟ. ಎಷ್ಟು ವರ್ಷದಿಂದಲೋ ತೂಕದ ಇಲಾಖೆಯಿಂದ ಒಂದು ನರಪಿಳ್ಳೆಯೂ ಹೆಸರು ಕೊಟ್ಟಿರಲಿಲ್ಲವಂತೆ. ಸಾಹೇಬರು ಅಲ್ಲಿಯೇ ಹೆಸರು ಬರೆದುಕೊಂಡರು. ದಿನಾ ಎಷ್ಟು ಸುತ್ತು ಈಜುತ್ತೀರೋ ಕಚೇರಿಯ ಫೋನ್ ಗುಂಪಿಗೆ ಕಳಿಸಿ, ಉಳಿದವರಿಗೂ ಬುದ್ಧಿ ಬರಲಿ ಎಂದರು. ಸೊಂಟದ ಮಟ್ಟಕ್ಕಿಂತ ಮೇಲೆ ನೀರು ಕಂಡಿರದ ತಕ್ಕಡಿರಾಯರು ತಲೆಯಾಡಿಸಿದರು.

ಈಜಲು ಬಾರದವನು ಮೊದಲು ಈಜು ಕಲಿಯಬೇಕು ಎಂಬುದು ನಿಮ್ಮ ನಮ್ಮ ಲೆಕ್ಕ. ತಕ್ಕಡಿರಾಯರ ಲೆಕ್ಕದಲ್ಲಿ ಯಾವ ಕೆಲಸಕ್ಕೂ ಮೊದಲು ಬೇಕಾದ್ದು ಅಳತೆಯ ಸಾಧನ. ಅಂದು ಸಂಜೆಯೇ ಫಿಟ್‌ನೆಸ್ ವಾಚು ಕೊಳ್ಳಲು ಹೊರಟರು.

ವಾಚಿನಂಗಡಿಯವನು ಮೆತ್ತಗೆ ಮಾತಾಡುವ ಮನುಷ್ಯ. ಓಟಕ್ಕೆ ಇದು, ಈಜಿಗೆ ಅದು, ಎರಡಕ್ಕೂ ಆಗುವುದು ಇದು, ನೀರಲ್ಲಿ ಐವತ್ತು ಮೀಟರ್ ಆಳಕ್ಕೆ ಹೋದರೂ ಏನೂ ಆಗದು ಎಂದು ಗಾಜಿನ ಮೇಲೆ ಸಾಲಾಗಿ ಜೋಡಿಸಿದ. ಇವಕ್ಕೆ ಮುದ್ರೆ ಒತ್ತುವವರು ಯಾರು ಎಂದು ತಕ್ಕಡಿರಾಯರು ಕೇಳಿದರು. ಕಂಪನಿಯವರೇ ನೋಡಿ ಕಳಿಸುತ್ತಾರೆ ಎಂದ. ಅಂದರೆ ತೂಗುವವನೇ ಮುದ್ರೆಯನ್ನೂ ಒತ್ತಿಕೊಳ್ಳುತ್ತಾನೆ ಎಂದು ತಕ್ಕಡಿರಾಯರು ಅರ್ಥಗರ್ಭಿತವಾಗಿ ನಕ್ಕರು. ಉಳಿದ ಗಿರಾಕಿಗಳು ಬೇರೆ ಬೇರೆ ವಾಚುಗಳಲ್ಲಿ ಒಂದನ್ನು ಆರಿಸುತ್ತಾರೆ. ಇವರು ಒಂದೇ ಬಗೆಯ, ಒಂದೇ ಬಣ್ಣದ ಎರಡು ವಾಚು ಕೇಳಿದರು. ಬಟ್ಟನ್ನು ಬಟ್ಟಿಗೇ ತಾಳೆ ನೋಡಬೇಕು, ಅದು ಇಲಾಖೆಯ ನಿಯಮ. ಎರಡರ ಅಂಕಿಗಳೂ ಒಂದೇ ಕಡೆ ಕಾಣಬೇಕೆಂದು ಹಟ ಹಿಡಿದಾಗ ಅಂಗಡಿಯವನು ಎರಡನ್ನೂ ಅವರ ಒಂದೇ ಫೋನಿಗೆ ಜೋಡಿಸಿ, ವಾರದೊಳಗೆ ಬೇಡದ್ದನ್ನು ವಾಪಸ್ ಕೊಡಿ ಎಂದು ಕಳಿಸಿದ.

ಮೂರು ದಿನ ಪರೀಕ್ಷೆ ನಡೆಯಿತು. ಕೈಗೊಂದು ವಾಚು ಕಟ್ಟಿಕೊಂಡು ತಾರಸಿಯ ಮೇಲೆ ಸಾವಿರ ಹೆಜ್ಜೆ ಬಾಯಲ್ಲಿ ಎಣಿಸಿಕೊಂಡು ನಡೆದರು. ಎಡಗೈ ಸಾವಿರದ ಮೂವತ್ತು ಎಂದಿತು, ಬಲಗೈ ಒಂಬೈನೂರ ತೊಂಬತ್ತೊಂಬತ್ತು. ಈಜಿನ ಪರೀಕ್ಷೆಗೆ ಬಚ್ಚಲಲ್ಲಿ ಸ್ಟೂಲು ಹಾಕಿ ಕುಳಿತು, ದೊಡ್ಡ ಬಕೆಟ್ಟಿಗೆ ಎರಡೂ ಕೈ ಇಳಿಬಿಟ್ಟು ಹತ್ತು ನಿಮಿಷ ನೀರು ಮಗುಚಿದರು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಹೋದಳು. ಎಡಗೈ ವಾಚು, ಭೇಷ್, ಹದಿನಾಲ್ಕು ಸುತ್ತು ಈಜಿದಿರಿ ಎಂದಿತು. ಬಲಗೈ ವಾಚು, ನೀವು ಕೈ ತೊಳೆಯುತ್ತಿದ್ದೀರಿ, ಇನ್ನೂ ಸ್ವಲ್ಪ ಹೊತ್ತು ತೊಳೆಯಿರಿ ಎಂದಿತು. ಇಪ್ಪತ್ತೆರಡು ವರ್ಷ ಖೋಟಾ ಬಟ್ಟು ಹಿಡಿದ ಮಹಾನುಭಾವರು ಹೊಗಳಿದ ವಾಚನ್ನು ಇಟ್ಟುಕೊಂಡು, ನಿಜ ಹೇಳಿದ್ದನ್ನು ದೋಷವುಳ್ಳದ್ದೆಂದು ಪೆಟ್ಟಿಗೆಗೆ ಹಾಕಿದರು.

ಪೆಟ್ಟಿಗೆಯನ್ನು ಅಂಗಡಿಗೆ ಮುಟ್ಟಿಸುವ ಕೆಲಸ ಅತ್ತೆಯವರ ಪಾಲಿಗೆ ಬಂತು. ಹೆಂಡತಿಯ ತಾಯಿ, ಅರವತ್ತೇಳು ವರ್ಷ, ಟೈಪಿಂಗ್ ಸ್ಕೂಲಿನಲ್ಲಿ ಕಲಿಸಿ ನಿವೃತ್ತರಾದವರು. ಮೂರು ವರ್ಷದಿಂದ ಇವರ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಬೆಳಗ್ಗೆ ಎಂಟರವರೆಗೆ ಅವರ ಬಾಗಿಲು ತೆರೆಯುತ್ತಿರಲಿಲ್ಲ. ವಯಸ್ಸಾದವರು, ಮಲಗಲಿ ಬಿಡು ಎಂದು ಮಗಳು ಅಳಿಯ ಸದ್ದು ಮಾಡದೆ ಓಡಾಡುತ್ತಿದ್ದರು. ಮನೆಯಲ್ಲಿ ಎಷ್ಟು ಜನ ಎಂದು ಯಾರಾದರೂ ಕೇಳಿದರೆ ತಕ್ಕಡಿರಾಯರು "ನಾವಿಬ್ಬರೇ" ಎಂದು, ಒಂದು ಕ್ಷಣ ಬಿಟ್ಟು "ಅತ್ತೆಯವರೂ ಇದ್ದಾರೆ" ಎನ್ನುವರು. ಅಂದು ಕನ್ನಡಕ ರಿಪೇರಿಗೆ ಅದೇ ಬೀದಿಗೆ ಹೊರಟಿದ್ದ ಅತ್ತೆ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ವಾಪಸ್ ಕೊಟ್ಟೆ ಎಂದು ಮಗಳಿಗೆ ಹೇಳಿದರು. ಅದು ನಿಜವೂ ಆಗಿತ್ತು.

ಮಾರನೆಯ ಬೆಳಗ್ಗೆ ಏಳಕ್ಕೆ ತಕ್ಕಡಿರಾಯರು ಎದ್ದು, ತಲೆದೆಸೆಯ ಫೋನು ನೋಡಿದರು. ಇಂದಿನ ಈಜು ಎಂದಿತ್ತು. ಐದು ಗಂಟೆ ಎಂಟು ನಿಮಿಷಕ್ಕೆ ಶುರು, ಐದೂ ಐವತ್ತಕ್ಕೆ ಮುಗಿತಾಯ, ಇಪ್ಪತ್ತು ಸುತ್ತು.

ವಾಚು ಕೆಟ್ಟಿದೆ ಎಂದುಕೊಂಡರು. ಎರಡನೆಯ ದಿನ ಇಪ್ಪತ್ತೆರಡು ಸುತ್ತು. ಮೂರನೆಯ ದಿನವೂ ಇಪ್ಪತ್ತೆರಡು, ನಡುವೆ ಎರಡು ನಿಮಿಷ ವಿಶ್ರಾಂತಿ. ಕೆಟ್ಟ ತಕ್ಕಡಿ ಒಂದೊಂದು ದಿನ ಒಂದೊಂದು ಥರ ಹುಚ್ಚಾಡುತ್ತದೆ, ಹೀಗೆ ಗಂಟೆ ಹೊಡೆದಂತೆ ಐದೂ ಎಂಟಕ್ಕೆ ನೀರಿಗೆ ಇಳಿಯುವುದಿಲ್ಲ. ನಾಲ್ಕನೆಯ ದಿನ ಹಲ್ಲುಜ್ಜಲು ಹಿತ್ತಲಿಗೆ ಹೋದರೆ ಹಗ್ಗದ ಮೇಲೆ ಒಂದು ಒದ್ದೆ ಟವೆಲು. ಮೂಸಿ ನೋಡಿದರು. ಈಜುಕೊಳಕ್ಕೆ ಹಾಕುವ ಔಷಧಿಯ ವಾಸನೆ. ಹೆಂಡತಿಯನ್ನು ಕೇಳಿದರೆ, ನೀವೇ ಒಗೆದು ಹಾಕಿದ್ದೀರಿ ಅಂತ ನಾನು ಖುಷಿಯಾಗಿದ್ದೆ ಎಂದಳು. ತಕ್ಕಡಿರಾಯರು ಟವೆಲನ್ನು ಹಗ್ಗಕ್ಕೇ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಅಳತೆ ಸುಳ್ಳು ಹೇಳುವುದಿಲ್ಲ. ಹಾಗಾದರೆ ಈಜುತ್ತಿರುವುದು ತಾನೇ, ನಿದ್ದೆಯಲ್ಲಿ.

ಹೆದರಿಕೆ ಒಂದು ಕಡೆ ಇರಲಿ. ಅಂಕಿ ಕಚೇರಿಯ ಗುಂಪಿಗೆ ಹೋಯಿತು. ಸಾಹೇಬರು ಅದನ್ನು ದೊಡ್ಡದಾಗಿ ಮುದ್ರಿಸಿ ನೋಟಿಸ್ ಬೋರ್ಡಿಗೆ ಹಚ್ಚಿಸಿದರು. ಗುಮಾಸ್ತರು ಬಂದು ತೋಳು ಮುಟ್ಟಿ ನೋಡಿ, ಮೇಲೆ ಮೆತ್ತಗಿದೆ, ಒಳಗೆ ಕಬ್ಬಿಣ ಎಂದು ತೀರ್ಪು ಕೊಟ್ಟರು. ನಿದ್ದೆಯಲ್ಲಿ ಈಜಿದರೂ ಈಜು ಈಜೇ ಎಂದು ತಕ್ಕಡಿರಾಯರು ಮನಸ್ಸಿಗೆ ಹೇಳಿಕೊಂಡರು. ಎರಡನೆಯ ವಾರಕ್ಕೆ ಇಪ್ಪತ್ತಾರು ಸುತ್ತಾಯಿತು. ಸಾಹೇಬರು ತಮ್ಮ ಪಕ್ಕ ಕೂರಿಸಿಕೊಂಡು ಟೀ ಕುಡಿಸಿದರು.

ಆ ವಾರದ ಕೊನೆಗೆ ಅಂಕಿಯ ಕೆಳಗೆ ಇನ್ನೊಂದು ಸಾಲು ಕಾಣಿಸಿತು. ಎದೆಬಡಿತದ ಲಯ ತಪ್ಪಿದೆ, ವೈದ್ಯರನ್ನು ಕಾಣಿ. ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನ ಎರಡು ಸಲ, ಐದೂ ಇಪ್ಪತ್ತಕ್ಕೊಮ್ಮೆ, ಐದೂ ನಲವತ್ತಕ್ಕೊಮ್ಮೆ. ಎರಡು ಸಲವೂ ನೀರಿನಲ್ಲಿರುವಾಗ.

ಆಗ ತಕ್ಕಡಿರಾಯರು ಕೂತು ಲೆಕ್ಕ ಹಾಕಿದರು. ಈ ಲೆಕ್ಕದಲ್ಲಿ ಒಂದು ದಿನ ನಿದ್ದೆಯಲ್ಲೇ ನೀರಿಗಿಳಿದು, ನೀರಿನಲ್ಲೇ ಎದೆ ನಿಂತು, ಎಚ್ಚರವೇ ಆಗದೆ ಮುಳುಗಿಹೋಗುತ್ತಾರೆ. ಹೆಂಡತಿಗೆ ಹೇಳಿದರು. ಅವಳು ನಂಬಲಿಲ್ಲ, ಆದರೂ ನೀವು ಹೇಳಿದ ಮೇಲೆ ಒಂದು ಹಗ್ಗಕ್ಕೇನು ಎಂದು ಮಂಚದ ಕಾಲಿಗೂ ಗಂಡನ ಕಾಲಿಗೂ ಸೇರಿಸಿ ಗಂಟು ಹಾಕಿದಳು. ಬೆಳಗ್ಗೆ ಎದ್ದರೆ ಹಗ್ಗ ಹಾಗೇ ಇದೆ, ಗಂಟು ಹಾಗೇ ಇದೆ. ಫೋನಿನಲ್ಲಿ ಇಪ್ಪತ್ತೆಂಟು ಸುತ್ತು. ಲಯ ಮೂರು ಸಲ ತಪ್ಪಿದೆ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನಾಲ್ಕೂವರೆಗೇ ಎದ್ದು ಜಗಲಿಯಲ್ಲಿ ಕೂರುವವರು. ಎರಡು ಕಣ್ಣಿಗೂ ಪೊರೆ. ತಕ್ಕಡಿರಾಯರು ಸುತ್ತಿ ಬಳಸಿ ಕೇಳಿದಾಗ ಅವರು, ದಿನಾ ಐದಕ್ಕೆ ಕಾಲು ಗಂಟೆ ಇರುವಾಗ ನಿಮ್ಮ ಗೇಟು ತೆರೆಯುತ್ತದಲ್ಲ ರಾಯರೇ ಎಂದು ತಾವಾಗಿಯೇ ಹೇಳಿದರು. ತಲೆಗೆ ಏನೋ ಬಿಗಿಯಾಗಿ ಹಾಕಿಕೊಂಡ ಆಕೃತಿ, ಹೆಜ್ಜೆ ಸದ್ದೇ ಇಲ್ಲ. ಎರಡು ಸಲ ನಮಸ್ಕಾರ ಎಂದರಂತೆ, ಉತ್ತರವಿಲ್ಲ.

"ನೀವೇ ಅಂದ್ಕೊಂಡೆ" ಎಂದರು ಮೇಷ್ಟ್ರು. "ಆದ್ರೆ ಒಂದು ಮಾತು. ಆ ಹೊತ್ತಲ್ಲಿ ನೀವು ಸ್ವಲ್ಪ ಕುಳ್ಳಗಿರ್ತೀರಿ."

ತಕ್ಕಡಿರಾಯರು ಅಲ್ಲಿಂದ ನೇರ ಈಜುಕೊಳಕ್ಕೆ ಹೋದರು. ಟಿಕೆಟ್ ಕೊಡುವವನ ಕಿಂಡಿ ಸೊಂಟದ ಎತ್ತರಕ್ಕಿತ್ತು, ಒಳಗಿನವನಿಗೆ ಹೊರಗಿನವರ ಮುಖ ಕಾಣದು, ಹೊರಗಿನವರಿಗೆ ಒಳಗಿನವನ ಮುಖ ಕಾಣದು. ಬೆಳಗ್ಗೆ ಐದಕ್ಕೆ ಯಾರು ಬರುತ್ತಾರೆ ಎಂದು ಕೇಳಿದರೆ, ನನಗೆ ಮುಖ ಗೊತ್ತಿಲ್ಲ ಸ್ವಾಮಿ, ಕೈ ಗೊತ್ತು ಎಂದ. ತಕ್ಕಡಿರಾಯರು ತಮ್ಮ ಎಡಗೈಯನ್ನು ಕಿಂಡಿಯೊಳಕ್ಕೆ ತೂರಿಸಿದರು. ಒಳಗಿನ ಬೆರಳೊಂದು ವಾಚನ್ನು ಮುಟ್ಟಿತು. ಹೌದು, ಇದೇ, ಬಾಗಿಲು ತೆಗೆದ ಕೂಡಲೇ ಮೊದಲು ಬರುವ ಕೈ ಇದೇ ಎಂದಿತು ಒಳಗಿನ ದನಿ. ಆಮೇಲೆ ಆ ಬೆರಳು ಅವರ ಮಣಿಕಟ್ಟನ್ನು ಮೆಲ್ಲಗೆ ಅಮುಕಿತು.

"ಸ್ವಲ್ಪ ಊದಿಕೊಂಡಿದ್ಯಲ್ಲ ಸ್ವಾಮಿ. ಬೆಳಗ್ಗೆ ಇಷ್ಟು ದಪ್ಪ ಇರಲ್ಲ."

ಕೈ ಹಿಂದಕ್ಕೆ ಎಳೆದುಕೊಳ್ಳುವಾಗ ಅವರಿಗೆ ಅದು ತನ್ನ ಕೈಯೇ ಅಲ್ಲವೇನೋ ಅನ್ನಿಸಿತು. ಬೆಳಗಿನ ಹೊತ್ತು ಕುಳ್ಳಗೂ ಸಣ್ಣಗೂ ಆಗಿ, ಕಟ್ಟಿದ ಹಗ್ಗದಿಂದ ಜಾರಿ ಹೊರಬೀಳುವ ತಾನು ಹಗಲಿನ ತನಗಿಂತ ಚೆನ್ನಾಗಿ ಈಜುತ್ತಾನೆ ಎಂಬ ಯೋಚನೆ ದಾರಿಯುದ್ದಕ್ಕೂ ಬೆನ್ನುಹತ್ತಿತು.

ಅವರ ಮನೆಯ ಬೀದಿಯ ತುದಿಯಲ್ಲಿ ಒಂದು ನರ್ಸಿಂಗ್ ಹೋಮು. ಅಲ್ಲಿನ ಡಾಕ್ಟರಮ್ಮ ತಕ್ಕಡಿರಾಯರನ್ನು ಮಲಗಿಸಿ, ಎದೆಗೆ ವೈರು ಅಂಟಿಸಿ, ಪಟ್ಟಿ ತೆಗೆದು ನೋಡಿ, ನಿಮ್ಮ ಹೃದಯಕ್ಕೆ ಏನೂ ಆಗಿಲ್ಲ, ಹೊಟ್ಟೆಗೆ ಸ್ವಲ್ಪ ಜಾಸ್ತಿ ಆಗಿದೆ ಎಂದರು. ಬೆಳಗಿನ ಹೃದಯ ಬೇರೆ ಇರಬಹುದು ಎಂದರು ತಕ್ಕಡಿರಾಯರು. ಡಾಕ್ಟರಮ್ಮ ನಿದ್ದೆಗೆ ಒಂದು ಮಾತ್ರೆ ಬರೆದುಕೊಟ್ಟರು. ಅದನ್ನೂ ನುಂಗಿದ್ದಾಯಿತು. ಕೊನೆಗೆ ವಾಚನ್ನೇ ಬಿಚ್ಚಿ, ಬೀರುವಿನಲ್ಲಿಟ್ಟು, ಬೀಗದಕೈಯನ್ನು ಹೆಂಡತಿಯ ದಿಂಬಿನ ಕೆಳಗಿಟ್ಟು ಮಲಗಿದರು. ಬೀರುವಿನೊಳಗಿನ ವಾಚಿಗೆ ಬೆಳಗ್ಗೆ ಮೂವತ್ತು ಸುತ್ತು. ಲಯ ಐದು ಸಲ ತಪ್ಪಿದೆ.

ಆ ಮಧ್ಯಾಹ್ನ ಕಚೇರಿಗೆ ರಜೆ ಹಾಕಿ ವಾಚಿನಂಗಡಿಗೆ ಹೋದರು. ಅಂಗಡಿಯವನು ಫೋನು ಈಸಿಕೊಂಡು ಬೆರಳಾಡಿಸಿ, ಇದು ನಿಮ್ಮ ಕೈಯ ವಾಚಿನದ್ದಲ್ಲ ಎಂದ. ಇನ್ನೊಂದರದ್ದು, ವಾಪಸ್ ಬಂತಲ್ಲ, ಅದರದ್ದು. ಅವತ್ತು ಅಂಗಡಿಯಲ್ಲಿದ್ದ ಕೆಲಸದವಳು ಜೋಡಣೆ ಬಿಡಿಸದೆ ಹಾಗೇ ಮಾರಿಬಿಟ್ಟಿದ್ದಾಳೆ. ಯಾರಿಗೆ ಎಂದು ಪುಸ್ತಕದಲ್ಲಿ ಬರೆದಿಲ್ಲ, ಅವಳು ಕೆಲಸ ಬಿಟ್ಟು ಹೋಗಿ ಹತ್ತು ದಿನವಾಯಿತು.

ತಕ್ಕಡಿರಾಯರಿಗೆ ಹೋದ ಜೀವ ಬಂದಂತಾಯಿತು. ಯಾರೋ ದಾರಿಹೋಕನ ಕೈ ಅದು, ಯಾರದೋ ಎದೆ, ಕೆಟ್ಟರೆ ಅವನದು ಕೆಡುತ್ತದೆ. ಕುರ್ಚಿಯಲ್ಲಿ ಕೂತು ಒಂದು ಲೋಟ ನೀರು ಕೇಳಿ ಕುಡಿದರು. ಅಂಗಡಿಯವನು ಮಾತ್ರ ಇನ್ನೂ ಫೋನನ್ನೇ ನೋಡುತ್ತಿದ್ದ.

"ಈ ವಾಚು ದೂರದಿಂದ ಏನೂ ಹೇಳಲ್ಲ ಸಾರ್" ಎಂದ. "ಫೋನಿಗೆ ಹತ್ತು ಹೆಜ್ಜೆ ಹತ್ರ ಬಂದ್ರೇ ಹೇಳೋದು. ದಿನಾ ಬೆಳಗ್ಗೆ ಆರೂಕಾಲಿಗೆ ಹೇಳಿದೆ. ಆ ಹೊತ್ತಿಗೆ ನಿಮ್ಮ ಫೋನು ಎಲ್ಲಿರತ್ತೆ?"

"ತಲೆದೆಸೇಲಿ."

ಅಂಗಡಿಯವನು ಫೋನನ್ನು ಗಾಜಿನ ಮೇಲೆ ಮೆಲ್ಲಗೆ ಇಟ್ಟ. "ಹಂಗಾದ್ರೆ ಆ ಕೈ ದಿನಾ ನಿಮ್ಮ ಮನೆಯೊಳಗೆ ಬರ್ತಿದೆ."

ತಕ್ಕಡಿರಾಯರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಅಂಗಡಿಯವನು ಫೋನಿನಲ್ಲಿ ಒಂದು ಪುಟ ತೆರೆದು ಕೊಟ್ಟು ಕಳಿಸಿದ. ಆ ವಾಚು ಹತ್ತಿರದಲ್ಲಿದ್ದರೆ ಅದನ್ನು ಕಟ್ಟಿದವರ ಎದೆಬಡಿತ ಆ ಪುಟದಲ್ಲಿ ಕಾಣುತ್ತದೆ, ದೂರವಿದ್ದರೆ ಬರಿಯ ಗೆರೆ. ದಾರಿಯುದ್ದಕ್ಕೂ ಗೆರೆ. ಬೀದಿಯ ತಿರುವಿನಲ್ಲಿ ಗೆರೆ. ಮೇಷ್ಟ್ರ ಮನೆಯ ಮುಂದೆ ಗೆರೆ. ಸ್ವಂತ ಮನೆಯ ಗೇಟು ತೆರೆದು ಎರಡು ಹೆಜ್ಜೆ ಇಟ್ಟದ್ದೇ ತಡ, ಗೆರೆ ಹೋಗಿ ಎಪ್ಪತ್ತೆರಡು ಎಂದು ಬಂತು.

ಮೂರು ಗಂಟೆಯ ಬಿಸಿಲು, ಹಿತ್ತಲಲ್ಲಿ ಒಣಗಿದ ಬಟ್ಟೆ, ಒಳಗಿನಿಂದ ಪಾತ್ರೆಯ ಸದ್ದು. ಎಲ್ಲ ಎಂದಿನಂತೆಯೇ ಇತ್ತು. ಆದರೆ ಮನೆಯೊಳಗೆ ಯಾರದೋ ಎದೆ ನಿಮಿಷಕ್ಕೆ ಎಪ್ಪತ್ತೆರಡರಂತೆ ಬಡಿದುಕೊಳ್ಳುತ್ತಿತ್ತು.

ಅವರು ಸದ್ದಿಲ್ಲದೆ ಹಿಂದೆ ಸರಿದು, ಜಗಲಿಯ ಮೇಷ್ಟ್ರನ್ನು ಊರುಗೋಲಿನ ಸಮೇತ ಎಬ್ಬಿಸಿಕೊಂಡು ಬಂದರು. ಹೆಂಡತಿಯನ್ನು ಹಾಲಿಗೆ ಕರೆದು ಪಿಸುಮಾತಿನಲ್ಲಿ ವಿಷಯ ಹೇಳಿದರು. ಅವಳು ಮೊದಲು ನಕ್ಕಳು. ಫೋನಿನ ಅಂಕಿ ಕಣ್ಣೆದುರಿಗೇ ಎಪ್ಪತ್ತಾರಾದಾಗ ನಗು ನಿಂತಿತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಅತ್ತೆ ಬಂದು ನಿಂತರು, ಉದ್ದ ತೋಳಿನ ಸ್ವೆಟರು, ಕೈಯಲ್ಲಿ ಸೌಟು. ಏನಾಯಿತು ಎಂದು ಕೇಳಿದರು.

"ಅಮ್ಮ, ನೀನು ಒಳಗೇ ಇರು" ಎಂದಳು ಮಗಳು. "ಮನೇಲಿ ಯಾರೋ ಅಡಗಿದ್ದಾರೆ. ದಿನಾ ಬೆಳಗ್ಗೆ ಈಜಿ ಬಂದು ಇಲ್ಲೇ ಸೇರ್ಕೊಳ್ತಿದ್ದಾರಂತೆ."

ಅತ್ತೆ ಬಾಯಿ ತೆರೆದರು. ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು, ನಲವತ್ತು ವರ್ಷ ತರಗತಿಗಳನ್ನು ಸುಮ್ಮನಾಗಿಸಿದ ಅದೇ ಕಣ್ಣಿನಿಂದ ಅವರನ್ನು ನೋಡಿದರು. ಅಂಕಿ ತೊಂಬತ್ತೊಂದಕ್ಕೆ ಏರಿತು.

ಹುಡುಕಾಟ ಶುರುವಾಯಿತು. ತಕ್ಕಡಿರಾಯರು ಫೋನು ಹಿಡಿದು ಮುಂದೆ, ಮೇಷ್ಟ್ರು ಕೋಲು ಹಿಡಿದು ನಡುವೆ, ಹೆಂಡತಿ ಪೊರಕೆ ಹಿಡಿದು ಹಿಂದೆ. ಮಂಚದ ಕೆಳಗೆ ನೋಡಿದರು. ಬೀರುವಿನ ಹಿಂದೆ ನೋಡಿದರು. ಸ್ಟೂಲು ಹಾಕಿ ಅಟ್ಟಕ್ಕೆ ಇಣುಕಿದರು, ಬಚ್ಚಲಿನ ತೊಟ್ಟಿಯ ಮುಚ್ಚಳ ತೆಗೆದು ಕೋಲಿನಿಂದ ಕಲಕಿದರು. ಮಲಗುವ ಕೋಣೆಯಲ್ಲಿ ಅಂಕಿ ಅಳುಕಿ ಗೆರೆಯಾಗುತ್ತಿತ್ತು, ಅಡುಗೆಮನೆಯ ಕಡೆಗೆ ಬಂದರೆ ಮತ್ತೆ ಬರುತ್ತಿತ್ತು. ತೊಂಬತ್ತೆಂಟು. ನೂರನಾಲ್ಕು.

"ಹೆದರ್ತಿದ್ದಾನೆ" ಎಂದರು ತಕ್ಕಡಿರಾಯರು ಪಿಸುಗುಟ್ಟಿ. "ನಾವು ಹತ್ರ ಬಂದಷ್ಟೂ ಹೆದರ್ತಿದ್ದಾನೆ."

ಮೂವರೂ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು. ಕಣ್ಣಿಗೆ ಕಾಣದ ಒಬ್ಬ ಅವರ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ, ಒಂದೊಂದು ಮಾತಿಗೂ ಅವನ ಎದೆ ಉತ್ತರ ಕೊಡುತ್ತಿತ್ತು. ಹಿಂದಿನ ಕೋಣೆಯನ್ನೂ ನೋಡಿಬಿಡೋಣ ಎಂದರು ಮೇಷ್ಟ್ರು. ನೂರಹನ್ನೆರಡು. ಅತ್ತೆ ಮತ್ತೆ ಬಾಗಿಲಿಗೆ ಬಂದು, ಸ್ವಲ್ಪ ಕೇಳಿ ಇಲ್ಲಿ ಎಂದರು. ಈಗ ಬೇಡಮ್ಮ, ಆಮೇಲೆ ಹೇಳು ಎಂದು ಮಗಳು ಒಳಗೆ ಕಳಿಸಿದಳು. ಹಿಂದಿನ ಕೋಣೆಯ ಮಂಚದ ಕೆಳಗೆ ಒಂದು ರಬ್ಬರ್ ಟೋಪಿ, ಒಂದು ಜೊತೆ ಈಜು ಕನ್ನಡಕ ಸಿಕ್ಕವು. ಹೆಂಡತಿ ಸಣ್ಣಗೆ ಚೀರಿದಳು.

"ಅಯ್ಯೋ ರೀ, ಅಮ್ಮನ ಮಂಚದ ಕೆಳಗೇ ಮಲಗ್ತಿದ್ದಾನೆ."

ಅತ್ತೆ ಮೂರನೆಯ ಸಲ ಬಂದರು. ಗೋಡೆ ಹಿಡಿದುಕೊಂಡು ಬಂದರು, ಮುಖ ಬಿಳಿಚಿಕೊಂಡಿತ್ತು. ಪಾಪ, ವಯಸ್ಸಾದವರು ಹೆದರಿದ್ದಾರೆ, ಅವರನ್ನು ಕೂರಿಸಿ ಎಂದರು ಮೇಷ್ಟ್ರು. ಕೂರಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ. ತಕ್ಕಡಿರಾಯರು ಹಿತ್ತಲ ಬಾಗಿಲಿಗೆ ಅಡ್ಡ ನಿಂತು, ಇಲಾಖೆಯ ದನಿಯಲ್ಲಿ ಗುಡುಗಿದರು. ತಾವು ಇಪ್ಪತ್ತೆರಡು ವರ್ಷದಲ್ಲಿ ಎಂಥೆಂಥವರನ್ನೋ ಹಿಡಿದವರು, ಈಗಲೇ ಹೊರಗೆ ಬಂದರೆ ಸರಿ, ಇಲ್ಲದಿದ್ದರೆ ಪೊಲೀಸರು ಬಂದು ಬೀದಿಯವರ ಮುಂದೆ ಎಳೆದುಕೊಂಡು ಹೋಗುತ್ತಾರೆ, ಮಾನ ಮೂರು ಕಾಸಿಗೆ ಹರಾಜಾಗುತ್ತದೆ. ನೂರಿಪ್ಪತ್ತಾರು. ನೂರಮೂವತ್ತೊಂದು. ನಲವತ್ತನಾಲ್ಕು. ಗೆರೆ.

"ಹೋದ" ಎಂದರು ತಕ್ಕಡಿರಾಯರು ಗೆದ್ದ ದನಿಯಲ್ಲಿ. "ಓಡಿಹೋದ ನೋಡಿ."

ಹಿಂದೆ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು.

ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕುಸಿದಿದ್ದರು. ಬಿದ್ದ ರಭಸಕ್ಕೆ ಸ್ವೆಟರಿನ ತೋಳು ಮೊಣಕೈವರೆಗೆ ಸರಿದಿತ್ತು. ಸಣ್ಣ ಮಣಿಕಟ್ಟಿನ ಮೇಲೆ ಅದೇ ಬಗೆಯ, ಅದೇ ಬಣ್ಣದ ವಾಚು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಕೇಳಿದ್ದೇವೆ. ಕೂಸನ್ನು ತುಳಿದುಕೊಂಡೇ ಹುಡುಕಿದವರು ಇವರೊಬ್ಬರೇ.

ಆ ಮೇಲೆ ನಡೆದದ್ದನ್ನು ಬೀದಿಯವರೆಲ್ಲ ನೋಡಿದರು. ತಕ್ಕಡಿರಾಯರು ಅತ್ತೆಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಓಡಿದರು. ಗೇಟಿನಲ್ಲೊಂದು ಚಪ್ಪಲಿ ಹೋಯಿತು, ತಿರುವಿನಲ್ಲಿ ಇನ್ನೊಂದು. ಹಿಂದೆ ಹೆಂಡತಿ, ಇನ್ನೂ ಪೊರಕೆ ಹಿಡಿದೇ ಓಡುತ್ತಿದ್ದಳು. ಅವಳ ಹಿಂದೆ ಮೇಷ್ಟ್ರು, ದಾರಿ ಬಿಡಿ ದಾರಿ ಬಿಡಿ ಎಂದು ಖಾಲಿ ರಸ್ತೆಗೆ ಕೂಗುತ್ತಿದ್ದರು. ನರ್ಸಿಂಗ್ ಹೋಮಿನ ಮೆಟ್ಟಿಲು ತಲುಪುವವರೆಗೆ ತಕ್ಕಡಿರಾಯರು ಒಂದು ಹೆಜ್ಜೆಯನ್ನೂ ಎಣಿಸಲಿಲ್ಲ.

ಒಂದೂವರೆ ಗಂಟೆಯ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. ಜೀವಕ್ಕೆ ಅಪಾಯವಿಲ್ಲ, ಬಡಿತ ದಾರಿಗೆ ಬಂದಿದೆ, ಇದು ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಮಗಳಿಗೆ ಗೊತ್ತಿರಲಿಲ್ಲ. ತಕ್ಕಡಿರಾಯರು ಫೋನು ತೆಗೆದು ಕೊಟ್ಟರು. ದಿನ, ಗಂಟೆ, ನಿಮಿಷ, ಎಷ್ಟು ಸಲ ತಪ್ಪಿತು, ಎಲ್ಲ ಇತ್ತು. ಡಾಕ್ಟರಮ್ಮ ಬಹಳ ಹೊತ್ತು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿದರು. ಚಿಕಿತ್ಸೆಗೆ ಇದು ತುಂಬ ಉಪಯೋಗಕ್ಕೆ ಬರುತ್ತದೆ ಎಂದರು.

"ಇಷ್ಟು ದಿನದಿಂದ ನೀವಿದನ್ನ ದಿನಾ ನೋಡ್ತಿದ್ರಾ?"

"ನೋಡ್ತಿದ್ದೆ."

"ಮನೇಲಿ ಇನ್ಯಾರದ್ದಾದ್ರೂ ಇರಬಹುದಾ ಅಂತ ಒಂದು ಸಲಾನೂ ಅನ್ನಿಸಲಿಲ್ವಾ?"

ತಕ್ಕಡಿರಾಯರ ಕಣ್ಣಲ್ಲಿ ನೀರು ಬಂತು, ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ನೀರು ಬಂತು.

ಅತ್ತೆ ಮಾತಾಡುವಷ್ಟಾದ ಮೇಲೆ ಎಲ್ಲ ಹೊರಬಿತ್ತು. ಮೂರು ವರ್ಷದಿಂದಲೂ ಅವರು ಈಜುತ್ತಿದ್ದರು. ಹೇಳಿದರೆ ಈ ವಯಸ್ಸಲ್ಲಿ ಯಾಕಮ್ಮ ಎಂದು ಮಗಳು ಬಿಡಿಸುತ್ತಾಳೆ ಎಂದು ಹೇಳಿರಲಿಲ್ಲ. ಹತ್ತು ಸುತ್ತಾದ ಮೇಲೆ ಎಣಿಕೆ ತಪ್ಪುತ್ತಿತ್ತು, ಅದೊಂದೇ ಕೊರತೆ. ಅಳಿಯ ಬೇಡ ಎಂದ ವಾಚನ್ನು ಅಂಗಡಿಗೆ ಒಪ್ಪಿಸಿ, ಅದನ್ನೇ ತಮ್ಮ ಪೆನ್ಷನ್ನಿನಲ್ಲಿ ಕೊಂಡುಕೊಂಡಿದ್ದರು. ನೀರಲ್ಲಿರುವಾಗ ಅದು ಆಗಾಗ ಕೈಮೇಲೆ ಕುಟ್ಟುತ್ತಿತ್ತಂತೆ. ಕನ್ನಡಕವಿಲ್ಲದೆ ಓದಲಾಗದೆ, ಹುರಿದುಂಬಿಸುತ್ತಿದೆ ಎಂದುಕೊಂಡು ಎರಡು ಸುತ್ತು ಜಾಸ್ತಿ ಹಾಕುತ್ತಿದ್ದರಂತೆ.

ಮಾರನೆಯ ದಿನ ತಕ್ಕಡಿರಾಯರು ಸಾಹೇಬರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನೋಟಿಸ್ ಬೋರ್ಡಿನ ಸುತ್ತುಗಳು ತನ್ನವಲ್ಲ, ತನಗೆ ಈಜು ಬಾರದು, ಓಟ ನಿನ್ನೆ ಒಂದು ದಿನ ಓಡಿದ್ದು, ಅಷ್ಟೂ ನಮ್ಮ ಅತ್ತೆ ಈಜಿದ್ದು ಸಾರ್ ಎಂದರು. ಸಾಹೇಬರು ಅತ್ತೆಯವರಿಗೆ ಎಷ್ಟು ವಯಸ್ಸು ಎಂದು ಕೇಳಿದರು. ಅರವತ್ತೇಳು ಎಂದಾಗ ಪೆನ್ನು ತೆಗೆದು ಪಟ್ಟಿಯಲ್ಲಿದ್ದ ಹೆಸರನ್ನು ಹೊಡೆದು ಹಾಕಿದರು. ಪೆನ್ನು ಅಲ್ಲೇ ನಿಂತಿತು.

"ಅವರನ್ನ ಇಲಾಖೆಯವರು ಅಂತ ತೋರಿಸೋಕೆ ಏನಾದ್ರೂ ದಾರಿ ಇದ್ಯೇನ್ರೀ?" ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮನಿಗೂ ಅತ್ತೆಗೂ ಮೂರು ದಿನ ಹಗ್ಗಜಗ್ಗಾಟ ನಡೆಯಿತು. ಕೊನೆಗೆ ಮೂರು ತಿಂಗಳು ಮಾತ್ರೆ ನುಂಗಿ, ಆಮೇಲೆ ನಿಧಾನಕ್ಕೆ ಈಜಬಹುದು, ಆದರೆ ಈಜು ಬಲ್ಲವರೊಬ್ಬರು ನೀರಿನಲ್ಲಿ ಪಕ್ಕದಲ್ಲೇ ಇರಬೇಕು ಎಂಬಲ್ಲಿಗೆ ಇತ್ಯರ್ಥವಾಯಿತು. ಮಗಳಿಗೆ ನೀರೆಂದರೆ ಭಯ. ಅತ್ತೆ ತಲೆಯನ್ನು ದಿಂಬಿನ ಮೇಲೆ ಹೊರಳಿಸಿ ಅಳಿಯನನ್ನು ನೋಡಿದರು. ತಕ್ಕಡಿರಾಯರು ಮರುದಿನ ಬೆಳಗ್ಗೆ ಐದಕ್ಕೆ ಈಜುಕೊಳದ ಕಿಂಡಿಯ ಮುಂದೆ ನಿಂತಿದ್ದರು.

ಎಂಟನೆಯ ದಿನ ಈಜುಕೊಳದಿಂದ ನೇರ ಆಸ್ಪತ್ರೆಗೆ ಬಂದರು. ತಲೆ ಇನ್ನೂ ಒದ್ದೆ, ಕಣ್ಣು ಕೆಂಪು, ಕಿವಿಯಲ್ಲಿ ನೀರು. ಅತ್ತೆ ಎದ್ದು ಕೂತಿದ್ದರು. ಎಷ್ಟಾಯಿತು ಎಂದು ಕೇಳಿದರು.

ತಕ್ಕಡಿರಾಯರು ಕೈಯ ವಾಚು ನೋಡಿಕೊಂಡರು. ಕೊಳದ ಅಂಚಿನ ಕಂಬಿ ಹಿಡಿದು ನೀರು ಬಡಿದದ್ದನ್ನೆಲ್ಲ ಸೇರಿಸಿ ಅದು ಒಂಬತ್ತು ಸುತ್ತು ಎಂದು ಹೇಳುತ್ತಿತ್ತು. ಒಂಬತ್ತು ಎಂದರೆ ಅತ್ತೆಗೆ ಧೈರ್ಯ ಬರುತ್ತಿತ್ತು. ತಕ್ಕಡಿರಾಯರು ಅಂಗಿಯ ತೋಳನ್ನು ಕೆಳಗೆಳೆದು ವಾಚು ಮುಚ್ಚಿದರು.

"ಕಾಲು ಸುತ್ತು ಅತ್ತೆ" ಎಂದರು. "ಅದರಲ್ಲೂ ಅರ್ಧ ನಡ್ಕೊಂಡು ಹೋದೆ."

ಅತ್ತೆ ಅವರನ್ನೇ ನೋಡಿದರು. ತುಟಿ ಬಿಗಿಹಿಡಿದರು, ಆಗಲಿಲ್ಲ. ಮೊದಲು ಭುಜ ಕುಲುಕಿತು, ಆಮೇಲೆ ಮಂಚ, ಆಮೇಲೆ ತಲೆದೆಸೆಯ ಯಂತ್ರ ಕೂಗಿಕೊಳ್ಳತೊಡಗಿತು. ನರ್ಸು ಓಡಿಬಂದಳು. ಹೃದಯದ ರೋಗಿಯ ಹತ್ತಿರ ಹೀಗಾ ಮಾತಾಡುವುದು, ನಗಿಸಬೇಡಿ ಎಂದು ಹೊರಗೆ ಬರೆದಿಲ್ಲವೇ ಎಂದು ಬೈದು, ತಕ್ಕಡಿರಾಯರನ್ನು ಆಚೆ ದಬ್ಬಿ ಬಾಗಿಲು ಹಾಕಿದಳು.

ಅವರು ಕಾರಿಡಾರಿನ ಗೋಡೆಗೆ ಒರಗಿ ಫೋನು ತೆಗೆದರು. ಗೋಡೆಯಾಚೆ ಅತ್ತೆಯ ಕೈಯಲ್ಲಿದ್ದ ವಾಚಿನಿಂದ ಅಂಕಿ ಬಂತು. ನೂರೆಂಟು. ನೂರೆರಡು. ನಡುವೆ ಮತ್ತೆ ನಗು ಬಂದಿರಬೇಕು, ನೂರಹತ್ತಕ್ಕೆ ಏರಿತು. ಲಯ ತಪ್ಪಿರಲಿಲ್ಲ. ಅದು ನಿಧಾನವಾಗಿ ಎಂಬತ್ತಕ್ಕೆ ಇಳಿಯುವವರೆಗೂ ಅವರು ಅಲ್ಲಿಯೇ ನಿಂತಿದ್ದರು.